‘ಅಲೋನ್’ ಅನ್ನೋ ಪದ ಎಲ್ಲಿ ಕೂರುತ್ತೆ, ಎಲ್ಲಿ ಕೂರಲ್ಲ: ಕನ್ನಡ ಮೀಡಿಯಂನವರಿಗೆ ಪೂರ್ತಿ ಗೈಡ್

ದಾವಣಗೆರೆಯಲ್ಲಿ ಮನೆ ಮುಂದಿನ ರೂಮಲ್ಲೇ ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ಬರೋರೆಲ್ಲ ಬಹುತೇಕ ಕನ್ನಡ ಮೀಡಿಯಂನಲ್ಲಿ ಓದಿ ಈಗ ಡಿಗ್ರಿ ಮಾಡ್ತಿರೋ ಮಕ್ಕಳು, ಹರಿಹರ, ಜಗಳೂರು, ಹೊನ್ನಾಳಿ ಕಡೆಯಿಂದ ದಿನಾ ಬಸ್ಸಲ್ಲಿ ಬಂದು ಹೋಗೋರೂ ಇದಾರೆ. ಇಂಟರ್‌ವ್ಯೂ ಪ್ರ್ಯಾಕ್ಟೀಸ್ ಮಾಡಿಸುವಾಗ ಒಬ್ಬ ಹುಡುಗನಿಗೆ ನಿಮ್ಮ ಬಗ್ಗೆ ಹೇಳಿ ಅಂದೆ. ಅವನು ಚೆನ್ನಾಗಿ ಶುರು ಮಾಡಿದ, ಹೆಸರು ಹೇಳಿದ, ಊರು ಹೇಳಿದ, ಆಮೇಲೆ ‘ಐ ಆಮ್ ಅಲೋನ್ ಸನ್ ಟು ಮೈ ಪೇರೆಂಟ್ಸ್’ ಅಂದ. ಪಕ್ಕದಲ್ಲಿದ್ದವರು ಯಾರೂ ನಗಲಿಲ್ಲ, ಯಾಕಂದ್ರೆ ಅವರ್ಯಾರಿಗೂ ಅದು ತಪ್ಪು ಅನ್ಸಿರಲೇ ಇಲ್ಲ.

ಅವನ ತಲೇಲಿ ಓಡಿದ್ದು ಏನು ಅಂತ ನೋಡ್ರಿ. ‘ನಾನು ನಮ್ಮಪ್ಪ ಅಮ್ಮಂಗೆ ಒಬ್ಬನೇ ಮಗ.’ ಕನ್ನಡ ನೂರಕ್ಕೆ ನೂರು ಸರಿ. ಒಬ್ಬನೇ ಅನ್ನೋದಕ್ಕೆ ಇಂಗ್ಲಿಷಲ್ಲಿ ಅಲೋನ್ ಅಂತ ಎಲ್ಲೋ ಓದಿದ್ದ, ಅದನ್ನ ತಂದು ಅಲ್ಲಿ ಕೂರಿಸಿದ. ಆದ್ರೆ ಅಲ್ಲಿ ಬೇಕಾಗಿದ್ದು ‘ಓನ್ಲಿ’, ‘ಐ ಆಮ್ ದಿ ಓನ್ಲಿ ಸನ್’. ಆ ದಿನ ನಂಗೆ ಅರ್ಥ ಆಗಿದ್ದು, ಈ ಪದಾನ ‘ಅಲೋನ್ ಅಂದ್ರೆ ಒಂಟಿಯಾಗಿ’ ಅಂತ ಒಂದು ಸಾಲಲ್ಲಿ ಹೇಳಿ ಬಿಟ್ರೆ ನಾವೇ ಮಕ್ಕಳನ್ನ ಹಳ್ಳಕ್ಕೆ ತಳ್ಳಿದ ಹಾಗೆ. ನಮ್ಮ ‘ಒಬ್ಬನೇ’ ಅನ್ನೋ ಒಂದು ಮಾತು ನಾಲ್ಕೈದು ಕೆಲಸ ಮಾಡುತ್ತೆ, ಇಂಗ್ಲಿಷಲ್ಲಿ ಆ ಕೆಲಸಗಳನ್ನ ಬೇರೆ ಬೇರೆ ಪದಕ್ಕೆ ಹಂಚಿದಾರೆ, ಇನ್ನೂ ಕೆಲವು ಕೆಲಸಕ್ಕೆ ಅದೇ ಅಲೋನ್ ಇದ್ರೂ ವಾಕ್ಯದಲ್ಲಿ ಅದು ಕೂರೋ ಜಾಗ ಬದಲಾಗುತ್ತೆ. ಹಾಗಾಗಿ ನಾನು ಈಗ ಈ ಪದಾನ ಕನ್ನಡದ ಕಡೆಯಿಂದಾನೇ ಹೇಳ್ಕೊಡ್ತೀನಿ, ಒಂದೊಂದೇ ಹೆಜ್ಜೆ ಇಡಿ, ಅವಸರ ಬೇಡ.

ಮೊದಲು ಬಾಯಿಗೆ ಕೂರಿಸಿಕೊಳ್ಳಿ

ಆಲೋನ್ ಅಲ್ಲ, ಎಲೋನ್ ಅಲ್ಲ. ಮೊದಲ ‘ಅ’ ತುಂಬಾ ಹಗುರ, ಇದೆಯೋ ಇಲ್ವೋ ಅನ್ನೋ ಹಾಗೆ, ಪೂರ್ತಿ ಒತ್ತು ‘ಲೋನ್’ ಮೇಲೆ. ಬ್ಯಾಂಕಲ್ಲಿ ಸಾಲ ಕೇಳುವಾಗ ‘ಎ ಲೋನ್’ ಅಂತೀವಲ್ಲ, ಇಂಗ್ಲಿಷ್‌ನವರ ಬಾಯಲ್ಲಿ ಅದು ಮತ್ತೆ ಇದು ಎರಡೂ ಒಂದೇ ಥರ ಕೇಳುತ್ತೆ, ಮಾತಿನ ಸಂದರ್ಭದಿಂದಲೇ ಗೊತ್ತು ಮಾಡ್ಕೋಬೇಕು.

ಇದರ ಹುಟ್ಟು ಗೊತ್ತಿದ್ರೆ ಅರ್ಧ ಗೊಂದಲ ಹೋಗುತ್ತೆ ಅಂತ ನನ್ನ ಅನುಭವ. ಸುಮಾರು 700 ವರ್ಷದ ಹಿಂದಿನ ಇಂಗ್ಲಿಷಲ್ಲಿ ಇದು ‘ಆಲ್’ ಮತ್ತೆ ‘ಒನ್’ ಅಂತ ಎರಡು ಪದ, ಅಂದ್ರೆ ‘ಪೂರ್ತಿ ಒಬ್ಬನೇ’. ಆಗ ಒನ್ ಅನ್ನೋದನ್ನ ಈಗಿನ ಹಾಗೆ ‘ವನ್’ ಅಂತ ಹೇಳ್ತಿರಲಿಲ್ಲ, ಬರೆಯೋದು ಹೇಗೋ ಹಾಗೇ ‘ಓ’ ಸ್ವರದಲ್ಲೇ ಹೇಳ್ತಿದ್ರು. ಆಮೇಲೆ ಒಂಟಿಯಾಗಿ ನಿಂತ ಒನ್ ಮಾತ್ರ ‘ವನ್’ ಆಯ್ತು, ಅಲೋನ್ ಮತ್ತೆ ಓನ್ಲಿ ಒಳಗೆ ಸೇರ್ಕೊಂಡಿದ್ದ ಒನ್ ಹಳೇ ಉಚ್ಚಾರಣೆನೇ ಉಳಿಸ್ಕೊಂಡಿತು. ಇನ್ನೊಂದು ಚಂದದ ವಿಷಯ ಅಂದ್ರೆ, ಅಲೋನ್‌ನ ಮುಂದಿನ ‘ಅ’ ಉದುರಿ ‘ಲೋನ್’ ಅಂತ ಹೊಸ ಪದ ಹುಟ್ಕೊಂಡಿತು, ಆ ಲೋನ್‌ಗೆ ಬಾಲ ಸೇರಿ ‘ಲೋನ್ಲಿ’ ಆಯ್ತು. ಒನ್, ಓನ್ಲಿ, ಅಲೋನ್, ಲೋನ್, ಲೋನ್ಲಿ, ಎಲ್ಲಾ ಒಂದೇ ಮನೆಯವರು. ನಮ್ಮಲ್ಲಿ ಒಂದು, ಒಬ್ಬ, ಒಂಟಿ, ಒಬ್ಬಂಟಿ ಇದ್ದ ಹಾಗೇನೇ. ಒಂದೇ ಮನೆಯವರಾದ್ರೂ ಒಬ್ಬೊಬ್ಬರ ಕೆಲಸ ಬೇರೆ, ಗೊಂದಲ ಆಗೋದೇ ಅದಕ್ಕೆ.

ಎರಡನೇ ಹೆಜ್ಜೆ: ಕ್ರಿಯಾಪದ ಆದ್ಮೇಲೆ ಬರೋ ಅಲೋನ್

ಇದು ಎಲ್ಲರಿಗೂ ಗೊತ್ತಿರೋ ಬಳಕೆ. ಯಾರೂ ಜೊತೆಗಿಲ್ಲ ಅನ್ನೋ ಅರ್ಥ.

‘ಮೈ ಗ್ರ್ಯಾಂಡ್‌ಮದರ್ ಲಿವ್ಸ್ ಅಲೋನ್’, ನಮ್ಮಜ್ಜಿ ಒಬ್ಬರೇ ಇರ್ತಾರೆ. ‘ಐ ವಾಕ್ ಅಲೋನ್ ಅರೌಂಡ್ ಕುಂದವಾಡ ಲೇಕ್’, ಕುಂದವಾಡ ಕೆರೆ ಸುತ್ತ ನಾನು ಒಬ್ಬಳೇ ವಾಕ್ ಮಾಡ್ತೀನಿ. ‘ಡಿಡ್ ಯು ಕಮ್ ಅಲೋನ್?’, ಒಬ್ರೇ ಬಂದ್ರಾ?

ನಮಗೆ ಇಲ್ಲಿ ಒಂದು ಅನುಕೂಲ ಇದೆ. ಕನ್ನಡದಲ್ಲಿ ಒಬ್ಬನೇ, ಒಬ್ಬಳೇ, ಒಬ್ಬರೇ, ಒಂದೇ ಅಂತ ಯಾರ ಬಗ್ಗೆ ಹೇಳ್ತೀವೋ ಅವರಿಗೆ ತಕ್ಕ ಹಾಗೆ ರೂಪ ಬದಲಾಯಿಸ್ತೀವಿ, ಇಂಗ್ಲಿಷಲ್ಲಿ ಎಲ್ಲದಕ್ಕೂ ಒಂದೇ ಅಲೋನ್. ಅಜ್ಜಿಗೂ ಅದೇ, ಮಗುಗೂ ಅದೇ, ಹೊಲದ ಮಧ್ಯ ನಿಂತಿರೋ ಬೇವಿನ ಮರಕ್ಕೂ ಅದೇ.

ಆದ್ರೆ ಇಲ್ಲೇ ಒಂದು ವಿಷಯ ಯಾರೂ ಹೇಳ್ಕೊಡಲ್ಲ. ನಮ್ಮ ಒಬ್ಬನೇ ಒಳಗೆ ಒಂದು ಅನ್ನೋ ಲೆಕ್ಕ ಇನ್ನೂ ಜೀವಂತ ಇದೆ, ಹಾಗಾಗಿ ಇಬ್ಬರಿಗೆ ಒಬ್ಬನೇ ಅನ್ನೋಕಾಗಲ್ಲ. ಇಂಗ್ಲಿಷಿನ ಅಲೋನ್ ಒಳಗಿದ್ದ ಒನ್ ಲೆಕ್ಕ ಯಾವಾಗಲೋ ಮಾಸಿ ಹೋಗಿದೆ, ಇಬ್ಬರಿಗೂ ಅಲೋನ್ ಹೇಳಬಹುದು, ಒಂದು ಮನೆಮಂದಿಗೂ ಹೇಳಬಹುದು. ‘ದ ಗೆಸ್ಟ್ಸ್ ಲೆಫ್ಟ್ ಅಂಡ್ ವಿ ವರ್ ಅಲೋನ್’ ಅಂದ್ರೆ ನೆಂಟರೆಲ್ಲ ಹೋದ್ರು, ನಾವು ನಾವೇ ಉಳಿದ್ವಿ. ‘ಐ ವಾಂಟ್ ಟು ಟಾಕ್ ಟು ಯು ಅಲೋನ್’ ಅಂತ ಯಾರಾದ್ರೂ ಅಂದ್ರೆ ಅವರಿಗೆ ನಿಮ್ಮ ಹತ್ರ ಮಾತ್ರ, ಬೇರೆಯವರಿಲ್ಲದ ಕಡೆ ಮಾತಾಡ್ಬೇಕು ಅಂತ. ನನ್ನ ವಿದ್ಯಾರ್ಥಿನಿ ಒಬ್ಬಳು ಇದನ್ನ ಕೇಳಿ ‘ಮಿಸ್, ಇಬ್ರಿದ್ರೂ ಅಲೋನ್ ಹೆಂಗಾಗ್ತದೆ, ಒಬ್ರಿದ್ರೆ ತಾನೇ ಅಲೋನ್?’ ಅಂತ ಕೇಳಿದ್ಲು, ಬಹಳ ಒಳ್ಳೇ ಪ್ರಶ್ನೆ. ಉತ್ತರ ಇಷ್ಟೇ, ಅಲೋನ್ ಅಂದ್ರೆ ಎಣಿಕೆ ಅಲ್ಲ, ಬೇರೆಯವರು ಇಲ್ಲ ಅನ್ನೋದು. ಹಿಂಗೆ ತಲೇಲಿ ಇಟ್ಕೊಂಡ್ರೆ ಸಾಕು.

ಮೂರನೇದು: ನಾಮಪದದ ಮುಂದೆ ಮಾತ್ರ ಹಾಕ್ಬೇಡಿ

‘ಆನ್ ಅಲೋನ್ ಮ್ಯಾನ್’, ‘ಆನ್ ಅಲೋನ್ ಟ್ರೀ’ ಅಂತ ಬರೆಯೋ ಹಾಗಿಲ್ಲ. ಅಸ್ಲೀಪ್, ಅವೇಕ್, ಅಫ್ರೇಡ್, ಅಲೈವ್ ಇವೆಲ್ಲ ಹೆಂಗೆ ನಾಮಪದದ ಮುಂದೆ ಬರಲ್ವೋ ಇದೂ ಹಂಗೆ. ದ ಮ್ಯಾನ್ ಈಸ್ ಅಲೋನ್ ಅನ್ನಬಹುದು, ಆನ್ ಅಲೋನ್ ಮ್ಯಾನ್ ಅನ್ನೋಕಾಗಲ್ಲ.

ಹಾಗಾದ್ರೆ ಮುಂದೆ ಏನು ಹಾಕೋದು? ಪೇಪರಲ್ಲಿ ‘ಒಂಟಿ ಸಲಗ ದಾಳಿ’ ಅಂತ ಓದ್ತೀವಲ್ಲ, ಇಂಗ್ಲಿಷ್ ಪೇಪರಿನವರು ಅದನ್ನ ‘ಲೋನ್ ಟಸ್ಕರ್’ ಅಂತ ಬರೀತಾರೆ. ನಮ್ಮಲ್ಲೂ ಲೆಕ್ಕ ಅದೇ ನೋಡಿ. ನಾವು ‘ಒಬ್ಬನೇ ಸಲಗ’ ಅನ್ನಲ್ಲ, ‘ಒಂಟಿ ಸಲಗ’ ಅಂತೀವಿ, ಆದ್ರೆ ‘ಸಲಗ ಒಂಟಿಯಾಗಿ ಬಂತು’ ಅಂತಲೂ ಅಂತೀವಿ. ಕನ್ನಡದಲ್ಲಿ ‘ಒಂಟಿ’ ಅಂತ ಬರಿದಾಗಿ ನಾಮಪದಕ್ಕೆ ಅಂಟ್ಕೊಂಡ್ರೆ ಇಂಗ್ಲಿಷಲ್ಲಿ ಲೋನ್, ‘ಒಂಟಿಯಾಗಿ’ ಅಂತ ಕ್ರಿಯಾಪದದ ಕಡೆ ವಾಲಿದ್ರೆ ಅಲೋನ್. ಒಂಟಿ ಮರ, ಎ ಲೋನ್ ಟ್ರೀ. ಮರ ಒಂಟಿಯಾಗಿ ನಿಂತಿದೆ, ದ ಟ್ರೀ ಸ್ಟ್ಯಾಂಡ್ಸ್ ಅಲೋನ್.

ಒಬ್ಬನೇ ಮಗ, ಒಬ್ಬಳೇ ಮಗಳು, ಒಂದೇ ಅಂಗಡಿ ಅಂತ ಎಣಿಕೆ ಹೇಳುವಾಗ ಅಲೋನ್ ಅಲ್ಲ, ಲೋನ್ ಕೂಡ ಅಲ್ಲ, ಓನ್ಲಿ. ಇನ್ನು ‘ಇಬ್ರದೂ ಒಂದೇ ಊರು’ ಅನ್ನೋ ಒಂದೇ ಬಂದ್ರೆ ಅದು ಸೇಮ್, ಅದರ ಹತ್ರ ಅಲೋನ್ ಸುಳಿಯೋದೇ ಇಲ್ಲ.

ನಾಲ್ಕು: ಲೋನ್ಲಿ ಅನ್ನೋ ಪದದ ಹತ್ರ ಹುಷಾರು

ಇದು ನನ್ನ ಜೀವನದಲ್ಲೇ ಆಗಿದ್ದು. ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋಗಿದ್ದೆ, ಇಲ್ಲಿ ಯಾರ ಜೊತೆ ಇರ್ತೀರಿ ಅಂತ ಇಂಗ್ಲಿಷಲ್ಲಿ ಕೇಳಿದ್ರು. ನಾನು ಆವಾಗಿನ್ನೂ ಪಿಜಿ ಹುಡುಕ್ತಿದ್ದೆ, ಒಬ್ಬಳೇ ಬಂದಿದ್ದೆ, ಅದನ್ನ ಹೇಳೋಕೆ ‘ಐ ಆಮ್ ಲೋನ್ಲಿ ಇನ್ ಬ್ಯಾಂಗಲೋರ್’ ಅಂದೆ. ಕೇಳಿದ ಮೇಡಂ ಪೆನ್ ಕೆಳಗಿಟ್ಟು, ಏನಾದ್ರೂ ತೊಂದ್ರೆ ಇದೆಯಾ, ಮನೆಯವರ ಹತ್ರ ಮಾತಾಡ್ತಿದೀರಾ ಅಂತ ಬಹಳ ಮೆತ್ತಗೆ ಕೇಳಿದ್ರು. ನಂಗೆ ಯಾಕೆ ಹಿಂಗೆ ಕೇಳ್ತಿದಾರೆ ಅಂತ ಗೊತ್ತಾಗ್ಲೇ ಇಲ್ಲ, ಮುಂದಿನ ಪ್ರಶ್ನೆಗಳಿಗೆಲ್ಲ ತಡವರಿಸಿದೆ. ಕೆಲಸ ಸಿಗಲಿಲ್ಲ. ದಾವಣಗೆರೆ ಬಸ್ಸಲ್ಲಿ ತುಮಕೂರು ದಾಟಿದ ಮೇಲೆ ಅದು ಹೊಳೀತು, ನಾನು ಹೇಳಿದ್ದು ‘ನಂಗೆ ಯಾರೂ ಇಲ್ಲ ಅಂತ ಮನಸ್ಸಿಗೆ ಕಾಡ್ತಿದೆ’ ಅಂತ.

ಅಲೋನ್ ಅಂದ್ರೆ ಇರೋ ಸ್ಥಿತಿ, ಯಾರೂ ಜೊತೆಗಿಲ್ಲ ಅಷ್ಟೆ, ಅದರಲ್ಲಿ ಖುಷಿನೂ ಇರಬಹುದು. ಲೋನ್ಲಿ ಅಂದ್ರೆ ಮನಸ್ಸಿನ ನೋವು, ಒಂಟಿತನ ಕಾಡೋದು. ಭಾನುವಾರ ಮಧ್ಯಾಹ್ನ ಮನೇಲಿ ಒಬ್ಬರೇ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂತಾ ಆರಾಮಾಗಿರೋರು ಅಲೋನ್, ಆದ್ರೆ ಲೋನ್ಲಿ ಅಲ್ಲ. ಹೊಸದಾಗಿ ಹಾಸ್ಟೆಲ್ಲಿಗೆ ಸೇರಿ ಎಂಟು ಜನ ಇರೋ ರೂಮಲ್ಲಿ ಮಲಗಿ ಅಮ್ಮನ್ನ ನೆನೆಸಿಕೊಳ್ಳೋ ಹುಡುಗಿ ಲೋನ್ಲಿ, ಆದ್ರೆ ಅಲೋನ್ ಅಲ್ಲ. ನಾವಾಗೇ ಬಯಸಿ ಒಬ್ಬರೇ ಇರೋದಕ್ಕೆ ನಮ್ಮಲ್ಲಿ ಏಕಾಂತ ಅಂತ ಎಷ್ಟು ಚಂದದ ಪದ ಇದೆ, ಇಂಗ್ಲಿಷಲ್ಲಿ ಅದಕ್ಕೆ ಸಾಲಿಟ್ಯೂಡ್.

ಇನ್ನೊಂದು, ಲೋನ್ಲಿಗೆ ಕೊನೇಲಿ ‘ಲಿ’ ಇದೆ ಅಂತ ಅದನ್ನ ಕ್ರಿಯಾವಿಶೇಷಣ ಅಂದ್ಕೊಳ್ಳೋರು ಬಹಳ ಜನ, ಸ್ಲೋಲಿ, ಕ್ವಿಕ್ಲಿ ಥರ. ಅಲ್ಲ. ಅದು ಗುಣವಾಚಕ. ‘ಹಿ ಲಿವ್ಸ್ ಲೋನ್ಲಿ’ ತಪ್ಪು. ‘ಹಿ ಲಿವ್ಸ್ ಅಲೋನ್’ ಅನ್ನಿ, ನೋವನ್ನೂ ಸೇರಿಸಿ ಹೇಳ್ಬೇಕು ಅಂದ್ರೆ ‘ಹಿ ಲೀಡ್ಸ್ ಎ ಲೋನ್ಲಿ ಲೈಫ್’ ಅನ್ನಿ. ಲೋನ್ಲಿ ನಾಮಪದದ ಮುಂದೆ ಬರಬಹುದು, ‘ಎ ಲೋನ್ಲಿ ರೋಡ್’ ಅಂದ್ರೆ ಜನ ಓಡಾಡದ ಬಿಕೋ ಅನ್ನೋ ರಸ್ತೆ. ‘ಐ ಫೀಲ್ ಅಲೋನ್’ ಅಂತಲೂ ಅಂತಾರೆ, ಫೀಲ್ ಜೊತೆ ಬಂದಾಗ ಅಲೋನ್‌ಗೂ ಸ್ವಲ್ಪ ನೋವಿನ ಬಣ್ಣ ಹತ್ತುತ್ತೆ.

ಐದನೇ ಹೆಜ್ಜೆ, ಇದಕ್ಕೆ ಜಾಸ್ತಿ ಟೈಮ್ ಕೊಡಿ: ಹೆಸರಿಗೆ ಅಂಟಿಕೊಂಡು ಬರೋ ಅಲೋನ್

ಇದನ್ನ ಹೇಳ್ಕೊಡೋಕೆ ನಾನು ಒಂದ್ಸಲ ಬ್ಯಾಚ್ ಪೂರ್ತಿ ಚಿತ್ರದುರ್ಗಕ್ಕೆ ಕರ್ಕೊಂಡು ಹೋಗಿದ್ದೆ. ಏಳು ಸುತ್ತಿನ ಕೋಟೆ ಹತ್ತಿ, ತಣ್ಣೀರು ದೋಣಿ ನೋಡ್ಕೊಂಡು, ಓಬವ್ವನ ಕಿಂಡಿ ಹತ್ರ ನಿಂತ್ವಿ. ಎರಡು ಬಂಡೆ ಮಧ್ಯ ಸಂದಿ, ದೊಡ್ಡವರು ಮೈ ಕುಗ್ಗಿಸಿಕೊಂಡೇ ನುಸೀಬೇಕು, ಇಬ್ಬರು ಜೊತೆಗೆ ಬರೋಕೆ ಸಾಧ್ಯವೇ ಇಲ್ಲ. ಕಥೆ ನಮ್ಮ ಕಡೆ ಮಕ್ಕಳಿಗೆ ಯಾರೂ ಹೇಳ್ಬೇಕಾಗಿಲ್ಲ, ಮದಕರಿ ನಾಯಕರ ಕಾಲ, ಹೈದರಾಲಿ ಸೈನ್ಯ ಕೋಟೆ ಮುತ್ತಿತ್ತು, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಅಂತ ಬಂದಾಗ ಕಿಂಡಿ ಒಳಗಿಂದ ಸೈನಿಕರು ನುಸುಳ್ತಿರೋದು ಕಂಡ್ತು, ಒನಕೆ ತಗೊಂಡು ನಿಂತ್ಲು. ಅಲ್ಲೇ ಬಂಡೆ ಮೇಲೆ ಎಲ್ಲರನ್ನೂ ಕೂರಿಸಿ ಎರಡು ವಾಕ್ಯ ಬರೆಸಿದೆ.

‘ಓಬವ್ವ ಅಲೋನ್ ಸಾ ದ ಸೋಲ್ಜರ್ಸ್.’
‘ಓಬವ್ವ ಫಾಟ್ ಅಲೋನ್.’

ಮೊದಲನೇದರಲ್ಲಿ ಅಲೋನ್ ಹೆಸರಿನ ಬೆನ್ನಿಗೇ ಬಂದಿದೆ. ಅರ್ಥ: ಓಬವ್ವ ಮಾತ್ರ ನೋಡಿದ್ಲು, ಬೇರೆ ಯಾರೂ ನೋಡ್ಲಿಲ್ಲ. ಎರಡನೇದರಲ್ಲಿ ಕ್ರಿಯಾಪದ ಆದ್ಮೇಲೆ ಬಂದಿದೆ. ಅರ್ಥ: ಯಾರ ಜೊತೆಯೂ ಇಲ್ಲದೆ ಹೋರಾಡಿದ್ಲು. ಮೊದಲನೇದು ‘ಯಾರು’ ಅನ್ನೋದಕ್ಕೆ ಉತ್ತರ, ಎರಡನೇದು ‘ಹೆಂಗೆ’ ಅನ್ನೋದಕ್ಕೆ ಉತ್ತರ.

ಈಗ ಇದನ್ನ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ನೋಡಿ. ‘ಅವನೊಬ್ಬನೇ ಬಂದ’ ಅಂತ ಸೇರಿಸಿ ಹೇಳಿದ್ರೆ ಉಳಿದವರು ಬರಲಿಲ್ಲ, ಅವನು ಮಾತ್ರ ಬಂದ ಅನ್ನೋ ಕಡೆ ಮನಸ್ಸು ಹೋಗುತ್ತೆ. ‘ಅವನು... ಒಬ್ಬನೇ ಬಂದ’ ಅಂತ ನಡುವೆ ಉಸಿರು ಬಿಟ್ರೆ ಜೊತೆಗೆ ಯಾರನ್ನೂ ಕರ್ಕೊಂಡು ಬರಲಿಲ್ಲ ಅಂತ. ನಾವು ಇದನ್ನ ದನಿಯಲ್ಲಿ ಮಾಡ್ತೀವಿ, ಇಂಗ್ಲಿಷ್‌ನವರು ಜಾಗದಲ್ಲಿ ಮಾಡ್ತಾರೆ. ‘ಹಿ ಅಲೋನ್ ಕೇಮ್’, ‘ಹಿ ಕೇಮ್ ಅಲೋನ್’. ಮದುವೆಗೆ ಹತ್ತು ಜನ ಫ್ರೆಂಡ್ಸನ್ನ ಕರೆದು ಒಬ್ಬ ಬಂದಿದ್ರೆ ಮೊದಲನೇದು, ಹೆಂಡ್ತಿ ಮಕ್ಕಳನ್ನ ಬಿಟ್ಟು ಬಂದಿದ್ರೆ ಎರಡನೇದು. ನಿಮ್ಮ ಕನ್ನಡ ಕಿವಿ ಈ ವ್ಯತ್ಯಾಸ ಆಗಲೇ ಹಿಡಿದಿದೆ, ಹೊಸದಾಗಿ ಕಲಿಯೋದು ಜಾಗ ಅಷ್ಟೇ.

ಮಾತಾಡುವಾಗ ‘ಹಿ ಅಲೋನ್’ ಸ್ವಲ್ಪ ಗಂಭೀರ, ಭಾಷಣದ ಧಾಟಿ. ದಿನಬಳಕೆಗೆ ‘ಓನ್ಲಿ ಹಿ ಕೇಮ್’ ಅಂತಾರೆ. ಓನ್ಲಿ ಹೆಸರಿನ ಮುಂದೆ, ಅಲೋನ್ ಹೆಸರಿನ ಹಿಂದೆ. ಎರಡನ್ನೂ ಒಟ್ಟಿಗೆ ಹಾಕಿ ‘ಹಿ ಅಲೋನ್ ಓನ್ಲಿ ಕೇಮ್’ ಅನ್ನೋದು ನಮ್ಮ ಕಡೆ ಬಹಳ ಕೇಳ್ತೀನಿ, ಯಾಕಂದ್ರೆ ನಮ್ಮ ‘ಏ’ ಪ್ರತ್ಯಯ ಸುಮ್ನಿರಲ್ಲ, ‘ಇಲ್ಲೇ ಇದೀನಿ’ ಅನ್ನೋದನ್ನ ‘ಐ ಆಮ್ ಹಿಯರ್ ಓನ್ಲಿ’ ಅಂತ ಮಾಡಿಸೋದೂ ಅದೇ. ಒಂದು ಏಗೆ ಒಂದೇ ಪದ ಕೊಡಿ.

ಕಿಂಡಿ ಹತ್ರ ಒಬ್ಬ ಹುಡುಗ ಸೈನಿಕರ ಬಗ್ಗೆ ‘ದೆ ಕೇಮ್ ಅಲೋನ್’ ಅಂತ ಬರೆದಿದ್ದ, ಒಬ್ಬೊಬ್ಬರಾಗಿ ಬಂದ್ರು ಅಂತ ಹೇಳೋಕೆ. ಅದಾಗಲ್ಲ. ದೆ ಕೇಮ್ ಅಲೋನ್ ಅಂದ್ರೆ ಆ ಗುಂಪು ಬೇರೆ ಯಾರ ಜೊತೆಯೂ ಇಲ್ಲದೆ ಬಂತು ಅಂತ ಆಗುತ್ತೆ. ಒಬ್ಬೊಬ್ಬರಾಗಿ ಅನ್ನೋದಕ್ಕೆ ‘ಒನ್ ಬೈ ಒನ್’ ಅಥವಾ ‘ಸಿಂಗ್ಲಿ’. ಸೈನಿಕರು ಬಂದಿದ್ದು ಒನ್ ಬೈ ಒನ್, ಓಬವ್ವ ನಿಂತಿದ್ದು ಅಲೋನ್. ಯಾರ ನೆರವೂ ಇಲ್ಲದೆ ಏಕಾಂಗಿಯಾಗಿ ಕೋಟೆ ಕಾದ್ಲು ಅಂತ ಆ ಕೆಲಸದ ದೊಡ್ಡಸ್ತಿಕೆ ಹೇಳ್ಬೇಕು ಅಂದ್ರೆ ‘ಸಿಂಗಲ್ ಹ್ಯಾಂಡೆಡ್ಲಿ’. ಆ ಪದದಲ್ಲಿ ಕೈ ಇದೆ, ಹಾಗಾಗಿ ಅದನ್ನ ಮಾಡಿ ಸಾಧಿಸಿದ ಕೆಲಸಕ್ಕೆ ಹೇಳ್ತಾರೆ, ಸುಮ್ನೆ ಇರೋದಕ್ಕೆ, ಮಲಗೋದಕ್ಕೆ ಹೇಳಲ್ಲ.

ಆರು: ‘ಒಂದರಲ್ಲೇ’, ‘ಬರೀ ಅದೇ’ ಅನ್ನೋ ಅಲೋನ್

ಐದನೇದರ ತಮ್ಮ ಇದು. ವಸ್ತು, ಜಾಗ, ಕಾಲ, ದುಡ್ಡು ಇವುಗಳ ಹಿಂದೆ ಅಲೋನ್ ಬಂದ್ರೆ, ಉಳಿದಿದ್ದೆಲ್ಲ ಪಕ್ಕಕ್ಕಿಡಿ, ಇದೊಂದೇ ಇಷ್ಟಾಗುತ್ತೆ ಅನ್ನೋ ಅರ್ಥ.

ಮೆಕ್ಕೆಜೋಳ ಹಾಕೋ ಮನೆ ಹುಡುಗನಿಗೆ ಖರ್ಚು ಹೇಳು ಅಂದ್ರೆ, ‘ಬರೀ ಗೊಬ್ಬರಕ್ಕೇ ಹತ್ತು ಸಾವಿರ ಆಗ್ತದೆ ಮಿಸ್’ ಅಂತಾನೆ. ‘ದ ಫರ್ಟಿಲೈಸರ್ ಅಲೋನ್ ಕಾಸ್ಟ್ಸ್ ಟೆನ್ ಥೌಸಂಡ್.’ ಬೀಜ, ಕೂಲಿ, ಟ್ರ್ಯಾಕ್ಟರ್ ಎಲ್ಲ ಬೇರೆ. ಈ ಅಲೋನ್ ಒಳಗೆ ‘ಇಷ್ಟಕ್ಕೇ ಹಿಂಗಾದ್ರೆ ಇನ್ನು ಪೂರ್ತಿ ಎಷ್ಟು’ ಅನ್ನೋ ದನಿ ಇರುತ್ತೆ, ಅದಕ್ಕೇ ನಂಗೆ ಇದು ಇಷ್ಟ.

‘ಇನ್ ದಾವಣಗೆರೆ ಅಲೋನ್’ ಅಂದ್ರೆ ದಾವಣಗೆರೆ ಒಂದರಲ್ಲೇ. ‘ಲಾಸ್ಟ್ ವೀಕ್ ಅಲೋನ್’ ಅಂದ್ರೆ ಹೋದ ವಾರ ಒಂದರಲ್ಲೇ. ‘ಗ್ರಾಮರ್ ಅಲೋನ್ ಈಸ್ ನಾಟ್ ಇನಫ್’, ಬರೀ ಗ್ರಾಮರ್ ಸಾಕಾಗಲ್ಲ, ಇದನ್ನಂತೂ ನಾನು ಪ್ರತಿ ಬ್ಯಾಚಿಗೂ ಮೊದಲ ದಿನಾನೇ ಬೋರ್ಡ್ ಮೇಲೆ ಬರೀತೀನಿ.

ಏಳು: ‘ಲೆಟ್ ಅಲೋನ್’, ಅಂದ್ರೆ ನಮ್ಮ ‘ಬಿಡು’

ಕಾಂಪಿಟೇಟಿವ್ ಎಕ್ಸಾಮ್‌ಗೆ ಓದೋರಿಗೆ ಇದು ಪ್ಯಾಸೇಜ್‌ಗಳಲ್ಲಿ ಸಿಕ್ಕೇ ಸಿಗುತ್ತೆ, ಮತ್ತೆ ಎಲ್ಲರೂ ತಲೆ ಕೆಡಿಸಿಕೊಳ್ಳೋದೂ ಇಲ್ಲೇ. ಲೆಟ್ ಅಂದ್ರೆ ಬಿಡು ತಾನೆ? ನಾವು ಹೇಗೆ ಬಿಡು ಅಂತೀವಿ ನೋಡಿ: ‘ಐದು ಸಾವಿರ ಬಿಡು, ಐವತ್ತು ರೂಪಾಯಿನೂ ಇಲ್ಲ ನನ್ನ ಹತ್ರ.’ ‘ಇಂಗ್ಲಿಷ್ ಮಾತಾಡೋದು ಬಿಡ್ರಿ, ಓದೋಕೂ ಬರಲ್ಲ.’

ಅರ್ಥ ಅದೇ, ಆದ್ರೆ ಸಾಲು ತಿರುವುಮುರುವು. ನಾವು ದೊಡ್ಡದನ್ನ ಮೊದಲು ಹೇಳಿ ಬಿಡು ಅಂತ ಪಕ್ಕಕ್ಕೆ ತಳ್ಳಿ ಆಮೇಲೆ ಸಣ್ಣದನ್ನ ಹೇಳ್ತೀವಿ. ಇಂಗ್ಲಿಷಲ್ಲಿ ಸಣ್ಣದು ಮೊದಲು, ನಡುವೆ ಲೆಟ್ ಅಲೋನ್, ಕೊನೆಗೆ ದೊಡ್ಡದು.

‘ಐ ಡೋಂಟ್ ಹ್ಯಾವ್ ಫಿಫ್ಟಿ ರುಪೀಸ್, ಲೆಟ್ ಅಲೋನ್ ಫೈವ್ ಥೌಸಂಡ್.’
‘ಹಿ ಕೆನಾಟ್ ರೀಡ್ ಇಂಗ್ಲಿಷ್, ಲೆಟ್ ಅಲೋನ್ ಸ್ಪೀಕ್ ಇಟ್.’

ಮಾಡೋದು ಹೀಗೆ. ಮೊದಲು ಕನ್ನಡದಲ್ಲಿ ಬಿಡು ಹಾಕಿ ವಾಕ್ಯ ಮಾಡಿ, ಪೆನ್ಸಿಲ್‌ನಲ್ಲಿ ಬಿಡು ಪದದ ಕೆಳಗೆ ಒಂದು ಗೆರೆ ಎಳೀರಿ, ಗೆರೆಯ ಬಲಗಡೆ ಇರೋದನ್ನ ಮೊದಲು ಇಂಗ್ಲಿಷ್ ಮಾಡಿ, ಆಮೇಲೆ ಎಡಗಡೆದು. ಎರಡು ಕಡೆನೂ ಒಂದೇ ಜಾತಿ ಪದ ಇರ್ಬೇಕು, ಮೊದಲು ರೀಡ್ ಇದ್ರೆ ಆಮೇಲೆ ಸ್ಪೀಕ್, ಸ್ಪೀಕಿಂಗ್ ಅಲ್ಲ. ಮತ್ತೆ ಸಾಮಾನ್ಯವಾಗಿ ಮೊದಲ ಭಾಗದಲ್ಲಿ ಇಲ್ಲ, ಆಗಲ್ಲ, ಬರಲ್ಲ ಅನ್ನೋ ನಿರಾಕರಣೆ ಇರುತ್ತೆ.

ನಮ್ಮ ದೇಶದ ಇಂಗ್ಲಿಷಲ್ಲಿ ಇದಕ್ಕೇ ‘ಲೀವ್ ಅಲೋನ್’ ಅಂತ ಹೇಳೋರು ತುಂಬಾ ಜನ, ‘ಲೀವ್ ಅಲೋನ್ ಫೈವ್ ಥೌಸಂಡ್’ ಅಂತ. ಮಾತಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಆದ್ರೆ ಎಕ್ಸಾಮಲ್ಲಿ, ಅರ್ಜಿಯಲ್ಲಿ ಲೆಟ್ ಅಲೋನ್ ಅಂತಲೇ ಬರೀರಿ.

ಎಂಟು: ‘ಲೀವ್ ಮಿ ಅಲೋನ್’, ಅಂದ್ರೆ ‘ನನ್ನ ಪಾಡಿಗೆ ನನ್ನ ಬಿಡಿ’

ಲೀವ್ ಜೊತೆ ಅಲೋನ್ ಬಂದ್ರೆ ಎರಡು ಅರ್ಥ. ಒಂದು, ಪಾಡಿಗೆ ಬಿಡೋದು, ಕೆಣಕದೇ ಇರೋದು. ‘ಲೀವ್ ದ ಡಾಗ್ ಅಲೋನ್’, ನಾಯಿ ಪಾಡಿಗೆ ನಾಯಿ ಇರಲಿ ಬಿಡು. ‘ಲೀವ್ ದ ವೂಂಡ್ ಅಲೋನ್’, ಗಾಯ ಮುಟ್ಕೋಬೇಡ. ಇನ್ನೊಂದು, ಒಬ್ಬರನ್ನೇ ಬಿಟ್ಟು ಹೋಗೋದು. ‘ಡೋಂಟ್ ಲೀವ್ ದ ಪೇಷೆಂಟ್ ಅಲೋನ್’ ಅಂತ ನರ್ಸ್ ಹೇಳಿದ್ರೆ ರೋಗಿ ಒಬ್ಬರನ್ನೇ ಬಿಟ್ಟು ಎಲ್ಲೂ ಹೋಗ್ಬೇಡಿ, ಪಕ್ಕದಲ್ಲಿ ಯಾರಾದ್ರೂ ಇರಿ ಅಂತ. ಈ ವಾಕ್ಯ ಅರ್ಥ ಆಗಲಿಲ್ಲ ಅಂದ್ರೆ ತೊಂದ್ರೆ ದೊಡ್ಡದು, ಹಾಗಾಗಿ ಊರಿಂದ ಅಪ್ಪ ಅಮ್ಮನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗೋ ಮಕ್ಕಳಿಗೆ ನಾನು ಇದನ್ನ ತಪ್ಪದೇ ಹೇಳ್ತೀನಿ.

ಆದ್ರೆ ‘ಲೀವ್ ಮಿ ಅಲೋನ್’ ಅಂತ ದೊಡ್ಡವರಿಗೆ, ಬಾಸ್‌ಗೆ ಹೇಳ್ಬೇಡಿ, ಅದು ಗದರಿಸಿದ ಹಾಗೆ, ‘ಹೋಗ್ರಿ ಅತ್ಲಾಗೆ’ ಅಂದ ಹಾಗೆ ಕೇಳುತ್ತೆ. ಸ್ವಲ್ಪ ಹೊತ್ತು ಒಬ್ಬಳೇ ಇರ್ಬೇಕು ಅನ್ಸಿದ್ರೆ ‘ಐ ನೀಡ್ ಸಮ್ ಟೈಮ್ ಅಲೋನ್, ಪ್ಲೀಸ್’ ಅನ್ನಿ, ಮೆತ್ತಗಿರುತ್ತೆ, ಯಾರಿಗೂ ನೋವಾಗಲ್ಲ.

ಒಂಬತ್ತು, ಚಿಕ್ಕಪುಟ್ಟವು

‘ಬೈ ಮೈಸೆಲ್ಫ್’ ಮತ್ತೆ ‘ಆನ್ ಮೈ ಓನ್’ ಎರಡಕ್ಕೂ ಎರಡು ಮುಖ, ಜೊತೆ ಯಾರೂ ಇಲ್ಲ ಅಂತಲೂ ಆಗುತ್ತೆ, ಯಾರ ಸಹಾಯನೂ ಇಲ್ಲ ಅಂತಲೂ ಆಗುತ್ತೆ. ‘ಐ ಲರ್ನ್ಟ್ ಇಂಗ್ಲಿಷ್ ಆನ್ ಮೈ ಓನ್’ ಅಂದ್ರೆ ಯಾರೂ ಹೇಳ್ಕೊಡದೇ ನಾನೇ ಕಲಿತೆ, ಇಲ್ಲಿ ಅಲೋನ್ ಹಾಕಿದ್ರೆ ಆ ಹೆಮ್ಮೆ ಅಷ್ಟು ಸರಿಯಾಗಿ ಬರಲ್ಲ. ‘ಮೈಸೆಲ್ಫ್ ಅಲೋನ್ ವೆಂಟ್’ ಬೇಡವೇ ಬೇಡ.

‘ವೆರಿ ಅಲೋನ್’ ಅನ್ನೋದು ಸರಿ ಕೂರಲ್ಲ. ‘ಆಲ್ ಅಲೋನ್’ ಅನ್ನಿ. ಅಲೋನ್ ಒಳಗೇ ಒಂದು ಆಲ್ ಇದೆ, ಅದು ಮರೆತು ಹೋಗಿ ಮತ್ತೊಂದು ಆಲ್ ಸೇರಿಸ್ಕೊಂಡಿದಾರೆ. ನಮ್ಮ ಒಬ್ಬಂಟಿನೂ ಹಾಗೇ ಅಲ್ವಾ, ಒಬ್ಬ ಅಂದಮೇಲೆ ಮತ್ತೆ ಒಂಟಿ ಯಾಕೆ ಬೇಕು, ಆದ್ರೂ ಒಂದು ಸಾಲದು ಅನ್ಸಿ ಎರಡು ಸೇರಿಸಿದ್ದೀವಿ. ಆಲ್ ಅಲೋನ್‌ಗೆ ಒಬ್ಬಂಟಿಯಾಗಿ ಅನ್ನೋದೇ ಸರಿಯಾದ ಜೋಡಿ.

‘ಗೋ ಇಟ್ ಅಲೋನ್’ ಅಂದ್ರೆ ಪಾಲುದಾರರಿಲ್ಲದೆ ಸ್ವಂತ ಧೈರ್ಯದ ಮೇಲೆ ಕೆಲಸಕ್ಕೆ ಕೈ ಹಾಕೋದು, ಇಬ್ಬರು ಸೇರಿ ನಡೆಸ್ತಿದ್ದ ಬೆಣ್ಣೆ ದೋಸೆ ಹೋಟೆಲ್‌ನಿಂದ ಒಬ್ಬರು ಹೊರಬಂದು ತಾವೇ ಕಾವಲಿ ಇಟ್ರೆ ‘ಹಿ ಡಿಸೈಡೆಡ್ ಟು ಗೋ ಇಟ್ ಅಲೋನ್’.

ಕೊನೇ ಹೆಜ್ಜೆ: ಬರೆದು ನೋಡಿ

ಕೆಳಗಿನವನ್ನ ನೋಟ್‌ಬುಕ್ಕಲ್ಲಿ ಇಂಗ್ಲಿಷ್ ಮಾಡಿ, ಉತ್ತರ ನೋಡೋಕೆ ಮುಂಚೆ ಜೋರಾಗಿ ಕನ್ನಡದಲ್ಲಿ ಒಂದ್ಸಲ ಓದಿ, ಒತ್ತು ಎಲ್ಲಿ ಬೀಳುತ್ತೆ ಕೇಳಿಸ್ಕೊಳ್ಳಿ.

ಅಮ್ಮ ಒಬ್ಬರೇ ದುಗ್ಗಮ್ಮನ ಗುಡಿಗೆ ಹೋದ್ರು.
ಅಮ್ಮಂಗೊಬ್ಬರಿಗೇ ಆ ವಿಷಯ ಗೊತ್ತು.
ಬರೀ ಬಾಡಿಗೆನೇ ಎಂಟು ಸಾವಿರ.
ಕಾರು ಬಿಡು, ಸೈಕಲ್ಲೂ ಓಡಿಸೋಕೆ ಬರಲ್ಲ ಅವನಿಗೆ.
ಅವಳು ಅವರ ಮನೆಗೆ ಒಬ್ಬಳೇ ಮಗಳು.
ಮಗು ಒಂದನ್ನೇ ಬಿಟ್ಟು ಹೋಗ್ಬೇಡಿ.

ಉತ್ತರ: ‘ಅಮ್ಮ ವೆಂಟ್ ಟು ದುಗ್ಗಮ್ಮ ಟೆಂಪಲ್ ಅಲೋನ್.’ ‘ಅಮ್ಮ ಅಲೋನ್ ನೋಸ್ ಇಟ್.’ ‘ದ ರೆಂಟ್ ಅಲೋನ್ ಈಸ್ ಏಟ್ ಥೌಸಂಡ್.’ ‘ಹಿ ಕೆನಾಟ್ ರೈಡ್ ಎ ಸೈಕಲ್, ಲೆಟ್ ಅಲೋನ್ ಡ್ರೈವ್ ಎ ಕಾರ್.’ ‘ಶಿ ಈಸ್ ದಿ ಓನ್ಲಿ ಡಾಟರ್.’ ‘ಡೋಂಟ್ ಲೀವ್ ದ ಚೈಲ್ಡ್ ಅಲೋನ್.’

ಎರಡನೇದು ತಪ್ಪಿದ್ರೆ ಕಿಂಡಿ ಹತ್ರ ಬರೆಸಿದ ಎರಡು ವಾಕ್ಯಕ್ಕೆ ವಾಪಸ್ ಹೋಗಿ, ಓಬವ್ವ ಇದ್ದ ಕಡೆ ಅಮ್ಮನ್ನ ಹಾಕಿ ಇನ್ನೊಂದ್ಸಲ ಬರೀರಿ. ನಾಲ್ಕನೇದು ತಪ್ಪಿದ್ರೆ ಬಿಡು ಕೆಳಗೆ ಗೆರೆ ಎಳೆದಿದೀರಾ ನೋಡ್ಕೊಳ್ಳಿ.